ಚೆಂಡೆಗೆ ಕಿವಿ ಮುಚ್ಚುವ ತಮ್ಮ, ಮೆದುಳು ಓದಬೇಕೆನ್ನುವ ಅಕ್ಕ

ಪ್ರಶ್ನೆ: ನಾವು ಕಟಪಾಡಿಯವರು. ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಮಗನಿಗೆ ಒಂಬತ್ತು ವರ್ಷ. ಮಾತು ತಡ, ಯಾರ ಮುಖವನ್ನೂ ನೋಡುವುದಿಲ್ಲ, ಯಕ್ಷಗಾನದ ಚೆಂಡೆ ಕೇಳಿದರೆ ಕಿವಿ ಮುಚ್ಚಿ ಓಡುತ್ತಾನೆ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿ ಫ್ರಜೈಲ್ ಎಕ್ಸ್ ಅಂದರು, ಮೆದುಳಿನ ಸಿನಾಪ್ಸ್ ಸರಿ ಬೆಳೆದಿಲ್ಲ ಅಂದರು. ಇದು ನನ್ನ ಕಡೆಯಿಂದ ಬಂದದ್ದು ಎಂದು ಮನೆಯಲ್ಲಿ ಮಾತು. ಆಶ್ಲೇಷಾ ಬಲಿಯೂ ಆಯಿತು. ಈಗ ಮಗಳು ಸಿನಾಪ್ಸ್ ಬಗ್ಗೆಯೇ ಸಂಶೋಧನೆ ಮಾಡಿ ತಮ್ಮನಿಗೆ ಔಷಧಿ ಹುಡುಕುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳ ಅಪ್ಪನಿಗೆ ಬಿ.ಎಡ್. ಮಾಡಿಸುವ ಆಸೆ. ಆ ದಾರಿ ಎಷ್ಟು ವರ್ಷದ್ದು? ಹೊಟ್ಟೆಪಾಡು ಉಂಟಾ? ಮಗನಿಗೆ ಉಪಯೋಗ ಆಗ್ತದಾ?
ಒಬ್ಬ ತಾಯಿ, ಉಡುಪಿ ಜಿಲ್ಲೆ

ಉತ್ತರ:

ಅಕ್ಕಾ, ನಾನು ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಸಿನಾಪ್ಸ್ ಮೇಲೆಯೇ ಸಂಶೋಧನೆ ಮಾಡುವವಳು. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಎಂದು ಇನ್ನೊಬ್ಬರ ಲ್ಯಾಬ್‌ನಲ್ಲಿ ನಾಲ್ಕೈದು ವರ್ಷ. ಕೆಲಸ ಹುಡುಕುವ ಸಮಯವನ್ನೂ ಸೇರಿಸಿದರೆ ಮಗಳು ಸ್ವಂತ ಲ್ಯಾಬ್ ಕಟ್ಟುವಾಗ ತಮ್ಮನಿಗೆ ಇಪ್ಪತ್ತನಾಲ್ಕು ದಾಟಿರುತ್ತದೆ. ಅವನಿಗೆ ಈಗ ಬೇಕಾದದ್ದು ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ಅವನನ್ನು ಅರ್ಥ ಮಾಡಿಕೊಳ್ಳುವ ಒಬ್ಬ ಟೀಚರ್. ಅವು ಯಾವುದಕ್ಕೂ ಅಕ್ಕನ ಪಿಎಚ್.ಡಿ. ಬೇಕಾಗಿಲ್ಲ. ಹಾಗಂತ ಮಗಳು ಬರಬಾರದು ಎಂದು ನಾನು ಹೇಳುತ್ತಿಲ್ಲ. ಬರಲಿ. ಯಾವ ಕಾರಣಕ್ಕೆ ಬರುತ್ತಾಳೆ ಎಂಬುದನ್ನು ಮಾತ್ರ ಸ್ವಲ್ಪ ಯೋಚಿಸಲಿ.

ಸಿನಾಪ್ಸ್ ಎಂದರೆ ಏನು ಅಂತ ನೋಡುವ. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋಗಿದ್ದೀರಾ? ರಸ್ತೆ ಹೊಳೆಯ ದಡಕ್ಕೆ ಬಂದು ಮುಗಿಯುತ್ತದೆ. ರಿಕ್ಷಾದಲ್ಲಿ ಬಂದವರೂ ಇಳಿದು ದೋಣಿ ಹತ್ತಬೇಕು, ಆಚೆ ದಡದಲ್ಲಿ ಮತ್ತೆ ನಡೆಯಬೇಕು. ಮೆದುಳಿನಲ್ಲಿ ಅಂಥ ಕಡವುಗಳೇ ಎಲ್ಲ ಕಡೆ. ಒಂದು ನರಕೋಶದ ಉದ್ದಕ್ಕೆ ಸುದ್ದಿ ವಿದ್ಯುತ್ತಾಗಿ ಓಡಿ ಬರುತ್ತದೆ. ತುದಿಯಲ್ಲಿ ಸಣ್ಣ ಕಂಡಿ. ಅಲ್ಲಿ ಪುಟ್ಟ ಪುಟ್ಟ ಚೀಲಗಳು ಒಡೆದು ರಾಸಾಯನಿಕ ಹೊರಗೆ ಬರುತ್ತದೆ, ಆಚೆ ದಡದಲ್ಲಿ ಅದನ್ನು ಹಿಡಿಯಲೆಂದೇ ಇರುವ ಗ್ರಾಹಿಗಳಿಗೆ ಅಂಟುತ್ತದೆ, ಮತ್ತೆ ವಿದ್ಯುತ್ತಾಗುತ್ತದೆ. ಆ ಕಂಡಿಯ ಅಗಲ ಸುಮಾರು 20 ನ್ಯಾನೊಮೀಟರ್. ಒಂದು ತಲೆಕೂದಲಿನ ದಪ್ಪದಲ್ಲಿ ಅಂಥ ಸಾವಿರಾರು ಕಂಡಿಗಳನ್ನು ಸಾಲಾಗಿ ಇಡಬಹುದು. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅವುಗಳಲ್ಲಿ ಬಹಳಷ್ಟಕ್ಕೆ ಸಾವಿರಾರು ಕಡವುಗಳು.

ಸಿನಾಪ್ಸ್ ಎಂಬ ಹೆಸರು ಬಂದದ್ದು 1897ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರಿಂದ. ಆಗ ಆ ಕಂಡಿಯನ್ನು ಯಾರೂ ಕಣ್ಣಲ್ಲಿ ನೋಡಿರಲಿಲ್ಲ. ಇಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದು ಕಂಡದ್ದು 1950ರ ದಶಕದಲ್ಲಿ. ಹೆಸರಿಟ್ಟು ಅರ್ಧ ಶತಮಾನ ಕಾದರು! ಈ ವಿಷಯದಲ್ಲಿ ಕಾಯುವುದು ಮೊದಲಿನಿಂದಲೂ ಉಂಟು.

ಈ ಕಡವುಗಳು ಹುಟ್ಟುವಾಗಲೇ ಕಟ್ಟಿಟ್ಟವಲ್ಲ. ಮಗುವಿನ ಮೆದುಳು ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುತ್ತದೆ, ಆಮೇಲೆ ಬೇಡವಾದ್ದನ್ನು ಮುಚ್ಚುತ್ತದೆ. ಪೀಟರ್ ಹಟನ್‌ಲಾಕರ್ ಎಂಬ ಮಕ್ಕಳ ನರರೋಗ ವೈದ್ಯರು ತೀರಿಕೊಂಡವರ ಮೆದುಳಿನ ಚೂರುಗಳಲ್ಲಿ ಸಿನಾಪ್ಸ್‌ಗಳನ್ನು ಒಂದೊಂದಾಗಿ ಎಣಿಸಿ 1979ರಲ್ಲಿ ಪ್ರಕಟಿಸಿದರು. ಮೆದುಳಿನ ಮುಂಭಾಗದಲ್ಲಿ ಒಂದರಿಂದ ಎರಡು ವರ್ಷದ ಮಗುವಿನ ಸಿನಾಪ್ಸ್ ಸಾಂದ್ರತೆ ದೊಡ್ಡವರದ್ದಕ್ಕಿಂತ ಸುಮಾರು ಶೇ. 50 ಹೆಚ್ಚು. ಹದಿನಾರು ವರ್ಷದವರೆಗೆ ಅದು ಮೆಲ್ಲಗೆ ಇಳಿಯುತ್ತದೆ. ಯಾವುದನ್ನು ಉಳಿಸುವುದು, ಯಾವುದನ್ನು ಮುಚ್ಚುವುದು ಎಂಬ ಲೆಕ್ಕ ತಪ್ಪಿದಾಗ ಮಾತು, ಕಲಿಕೆ, ಸದ್ದು ಬೆಳಕು ತಾಳಿಕೊಳ್ಳುವ ಶಕ್ತಿ ಎಲ್ಲದರಲ್ಲೂ ಏರುಪೇರು ಆಗಬಹುದು.

ನಿಮ್ಮ ಮಗನಿಗಿರುವ ಫ್ರಜೈಲ್ ಎಕ್ಸ್‌ನಲ್ಲಿ ಆಗುವುದು ಇದು. ಎಕ್ಸ್ ಕ್ರೋಮೋಸೋಮಿನ ಮೇಲೆ ಎಫ್‌ಎಂಆರ್1 ಎಂಬ ಜೀನ್ ಇದೆ. 1991ರಲ್ಲಿ ಪತ್ತೆಯಾಯಿತು. ಅದರ ಒಂದು ತುದಿಯಲ್ಲಿ ಸಿಜಿಜಿ, ಸಿಜಿಜಿ ಎಂದು ಡಿಎನ್‌ಎಯ ಮೂರೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಮೂವತ್ತರ ಆಸುಪಾಸು ಸಲ. ಅದು 200 ದಾಟಿದರೆ ಜೀನ್ ಬಾಗಿಲು ಹಾಕಿಕೊಳ್ಳುತ್ತದೆ, ಎಫ್‌ಎಂಆರ್‌ಪಿ ಎಂಬ ಪ್ರೊಟೀನ್ ತಯಾರಾಗುವುದಿಲ್ಲ. ಈ ಪ್ರೊಟೀನ್ ಕಡವಿನ ಮೇಸ್ತ್ರಿ ಇದ್ದ ಹಾಗೆ. ಬಳಕೆ ನೋಡಿಕೊಂಡು ಅಲ್ಲೇ ಹೊಸ ಸಾಮಾನು ತಯಾರಾಗುತ್ತಿರುತ್ತದೆ. 'ಇಷ್ಟು ಸಾಕು, ನಿಲ್ಲಿಸಿ' ಎನ್ನುವವನು ಅವನು. ಅವನಿಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಹೇಳದೆಯೂ ನಡೆಯುತ್ತಲೇ ಇರುತ್ತದೆ. ಇಂಥ ಮೆದುಳಿನಲ್ಲಿ ಸಿನಾಪ್ಸ್ ಕೂರುವ ಸಣ್ಣ ಮುಳ್ಳುಗಳು ಉದ್ದಕ್ಕೆ, ತೆಳ್ಳಗೆ, ಎಳೆಯದಾಗಿಯೇ ಉಳಿದಿರುತ್ತವೆ.

ಚೆಂಡೆಯ ವಿಷಯ ಬರೆದಿದ್ದೀರಿ. ಓದುವಾಗ ನನಗೆ ನಮ್ಮ ಇಲಿಗಳ ನೆನಪಾಯಿತು, ತಪ್ಪು ತಿಳಿಯಬೇಡಿ. ಈ ಜೀನ್ ಇಲ್ಲದ ಇಲಿಯನ್ನು 1994ರಲ್ಲಿ ಮೊದಲು ತಯಾರಿಸಿದರು. ಆ ಇಲಿಗಳ ಪಕ್ಕದಲ್ಲಿ ಜೋರಾಗಿ ಗಂಟೆ ಹೊಡೆದರೆ ಕೆಲವಕ್ಕೆ ಫಿಟ್ಸ್ ಬರುತ್ತದೆ. ಸಾಮಾನ್ಯ ಇಲಿ ಬೆಚ್ಚಿಬಿದ್ದು ಸುಮ್ಮನಾಗುತ್ತದೆ, ಅಷ್ಟೇ. ಸದ್ದಿಗೆ ಮೆದುಳು ಉರಿದೇಳುವುದು ಜಾಸ್ತಿ, ಅದನ್ನು ತಣಿಸುವುದು ಕಡಿಮೆ. ನಿಮ್ಮ ಮಗ ಹಟಕ್ಕೆ ಓಡುವುದಲ್ಲ. ಅವನಿಗೆ ಆ ಸದ್ದು ನಿಜಕ್ಕೂ ತಡೆಯಲಾಗದಷ್ಟು ದೊಡ್ಡದು. ಮೇಳ ನೋಡಲು ಕರೆದುಕೊಂಡು ಹೋಗುವುದಾದರೆ ಹಿಂದಿನ ಸಾಲಿನಲ್ಲಿ, ಕಿವಿಗೆ ಮುಚ್ಚುಗೆ ಹಾಕಿ ಕೂರಿಸಿ. ವೇಷ ಅವನಿಗೆ ಇಷ್ಟವೂ ಆಗಬಹುದು.

ಇನ್ನು ನಿಮ್ಮ ಕಡೆಯಿಂದ ಬಂದದ್ದು ಎಂಬ ಮಾತು. ಮಗನಿಗೆ ಎಕ್ಸ್ ಬರುವುದು ತಾಯಿಯಿಂದಲೇ, ಅದು ಸರಿ. ಬೇರೆ ದಾರಿ ಇಲ್ಲ, ಅಪ್ಪ ಕೊಡುವುದು ವೈ. ಆದರೆ ನಿಮ್ಮಲ್ಲಿ ಆ ಸಿಜಿಜಿ 55ರಿಂದ 200ರ ಒಳಗೆ ಇದ್ದಿರಬಹುದು. ಅಷ್ಟಿದ್ದರೆ ಜೀನ್ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಮಗುವಿಗೆ ದಾಟುವಾಗ ಅದು ಉದ್ದವಾಗಬಹುದು. ನಿಮಗೆ ಅದು ನಿಮ್ಮ ಅಪ್ಪನಿಂದಲೂ ಬಂದಿರಬಹುದು. ಅಷ್ಟು ಉದ್ದ ಇರುವ ಗಂಡಸು ಅದನ್ನು ತನ್ನ ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಒಬ್ಬರಿಗೂ ಕೊಡುವುದಿಲ್ಲ. ಗಂಡು ಮಕ್ಕಳಲ್ಲಿ ಸುಮಾರು 4,000ದಿಂದ 7,000ಕ್ಕೆ ಒಬ್ಬರಲ್ಲಿ ಈ ತೊಂದರೆ ಕಾಣುತ್ತದೆ. ನೀವು ಮಾಡಿದ್ದರಿಂದ, ತಿಂದದ್ದರಿಂದ, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದರಿಂದ ಬಂದದ್ದಲ್ಲ. ನಮ್ಮ ತುಳುನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಬಳಿ, ಅಂದರೆ ಕುಲ, ಬರುವುದೇ ತಾಯಿಯಿಂದ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಾಯಿಲೆಯ ಮಾತು ಬಂದಾಗ ಮಾತ್ರ ಅದೇ ತಾಯಿಯ ಕಡೆ ಬೆರಳು ಹೋಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಆಶ್ಲೇಷಾ ಬಲಿ ಮಾಡಿಸಿದ್ದರ ಬಗ್ಗೆ ನನ್ನದೇನೂ ತಕರಾರಿಲ್ಲ. ಮನೆಯವರಿಗೆ ಸಮಾಧಾನ ಆಯಿತಲ್ಲ. ಥೆರಪಿ ತಪ್ಪಿಸಬೇಡಿ, ಅಷ್ಟೇ.

ಮಗಳ ವಿಷಯದಲ್ಲಿ ಇನ್ನೊಂದು ಮಾತು. ನಿಮ್ಮ ಪ್ರತಿ ಮಗುವಿಗೂ ಆ ಎಕ್ಸ್ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಅವಳಲ್ಲೂ ಅದು ಇರಬಹುದು. ಇದ್ದರೆ ಮುಂದೆ ಅವಳ ಮಕ್ಕಳ ವಿಷಯದಲ್ಲಿ ತಿಳಿದಿರುವುದು ಒಳ್ಳೆಯದು. ಹೀಗೆ ಹೊತ್ತಿರುವ ಕೆಲವು ಹೆಂಗಸರಿಗೆ ಮುಟ್ಟು ನಲವತ್ತರೊಳಗೇ ನಿಲ್ಲುವುದೂ ಉಂಟು. ಪರೀಕ್ಷೆ ಮಾಡಿಸಬೇಕೋ ಬೇಡವೋ ಅವಳೇ ತೀರ್ಮಾನ ಮಾಡಲಿ. ಅದಕ್ಕೆ ಮೊದಲು ಒಬ್ಬ ಜೆನೆಟಿಕ್ ಕೌನ್ಸಿಲರ್ ಹತ್ತಿರ ಕೂತು ಮಾತಾಡಬೇಕು. ಮಣಿಪಾಲದ ಕೆಎಂಸಿಯಲ್ಲಿ ಇದಕ್ಕೆಂದೇ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ. ನಿಮಗೆ ಬಸ್ಸಿನ ದೂರ.

ಈಗ ನನ್ನ ದಾರಿಯ ಕಥೆ, ಏಕೆಂದರೆ ಮಗಳಿಗೆ ಬೇಕಾದದ್ದು ಅದು.

ನಾನು ಮಲ್ಪೆ ಕಡೆಯವಳು. ಅಮ್ಮ ಬೀಡಿ ಕಟ್ಟುತ್ತಿದ್ದರು. ಶಾಲೆಯಿಂದ ಬಂದ ಮೇಲೆ ಗೆರಸೆ ಮಡಿಲಲ್ಲಿಟ್ಟುಕೊಂಡು ನಾನೂ ಕಟ್ಟುತ್ತಿದ್ದೆ. ನನಗೆ ಕಾಯಿಲೆಯ ತಮ್ಮ ಇರಲಿಲ್ಲ, ಸಮಾಜ ಸೇವೆಯ ಕನಸೂ ಇರಲಿಲ್ಲ. ಎಂ.ಎಸ್ಸಿ.ಯಲ್ಲಿ ಒಂದು ದಿನ ಪರದೆಯ ಮೇಲೆ ಒಂದೇ ಒಂದು ನರಕೋಶದ ವಿದ್ಯುತ್ತು ಗೀಟಾಗಿ ಕುಣಿಯುವುದನ್ನು ನೋಡಿದೆ. ಸುಮ್ನೆ ಇಷ್ಟ ಆಗಿಬಿಟ್ಟಿತು. ಅಷ್ಟೇ ಕಾರಣ.

ಹಾಗೆ ಒಂದೇ ಕೋಶದ ವಿದ್ಯುತ್ತು ಅಳೆಯುವ ಕೆಲಸಕ್ಕೆ ಪ್ಯಾಚ್ ಕ್ಲ್ಯಾಂಪ್ ಎನ್ನುತ್ತಾರೆ. ಅದನ್ನು ಕಂಡುಹಿಡಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಬಂತು. ಇಲಿಯ ಮೆದುಳನ್ನು ಮಂಜಿನಷ್ಟು ತಣ್ಣಗಿನ ಉಪ್ಪುನೀರಿನಲ್ಲಿ ಇಟ್ಟು, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳ್ಳಗೆ ಹೋಳು ಮಾಡುತ್ತೇವೆ. ಆಮ್ಲಜನಕದ ಗುಳ್ಳೆ ಬಿಡುತ್ತಾ ಇದ್ದರೆ ಆ ಹೋಳು ಆರೇಳು ಗಂಟೆ ಜೀವಂತ ಇರುತ್ತದೆ. ಗಾಜಿನ ಕೊಳವೆಯನ್ನು ಕಾಯಿಸಿ ಎಳೆದರೆ ಕಣ್ಣಿಗೆ ಕಾಣದಷ್ಟು ಚೂಪು ತುದಿ. ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಕೋಶಕ್ಕೆ ತಾಗಿಸಿ, ಹಿಂದಿನ ರಬ್ಬರ್ ನಳಿಗೆಯಿಂದ ಬಾಯಲ್ಲಿ ಒಂದಿಷ್ಟೇ ಗಾಳಿ ಎಳೆಯಬೇಕು. ಜಾಸ್ತಿ ಎಳೆದರೆ ಕೋಶ ಒಡೆಯಿತು, ಕಡಿಮೆಯಾದರೆ ಸೀಲ್, ಅಂದರೆ ಗಾಜಿನ ತುದಿಗೂ ಕೋಶಕ್ಕೂ ನಡುವಿನ ಬಿಗಿ ಅಂಟು, ಕೂರುವುದಿಲ್ಲ. ಲ್ಯಾಬ್‌ನಲ್ಲಿ ಮಧ್ಯಾಹ್ನ ಊಟಕ್ಕೆ ಸಿಕ್ಕಿದವರು ಕೇಳುವ ಮೊದಲ ಪ್ರಶ್ನೆ 'ಇವತ್ತು ಸೀಲ್ ಸಿಕ್ಕಿತಾ?' ಅಂತಲೇ. ನನಗೆ ಮೂರು ತಿಂಗಳು ಸಿಗಲಿಲ್ಲ. ಸಿಕ್ಕಿದ ಮೇಲೆ ಕೈ ಮಾತ್ರ ಯಾವತ್ತೂ ನಡುಗಲಿಲ್ಲ. ಅದು ಬೀಡಿಯ ನೂಲು ಕಲಿಸಿದ ಕೈ ಎಂದು ಅಮ್ಮ ಹೇಳುತ್ತಿದ್ದರು. ಇದ್ದರೂ ಇರಬಹುದು.

ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ ಒಂದು ಪೆಟ್ಟು ತಿಂದೆ. ಫ್ರಜೈಲ್ ಎಕ್ಸ್ ಇಲಿಗಳಲ್ಲಿ ಸಿನಾಪ್ಸ್‌ನ ಬಲ ಬೇರೆ ಥರ ಬದಲಾಗುತ್ತದೆ ಎಂದು ಎಂಟು ತಿಂಗಳು ಅಳೆದೆ. ಚಂದದ ವ್ಯತ್ಯಾಸ ಕಂಡಿತು. ಗೈಡ್ ನೋಡಿ ಒಂದೇ ಮಾತು ಕೇಳಿದರು: ಅಳೆಯುವಾಗ ಯಾವ ಇಲಿ ಯಾವುದು ಎಂದು ನಿನಗೆ ಗೊತ್ತಿತ್ತಾ? ಗೊತ್ತಿತ್ತು. ಗೆಳತಿಯೊಬ್ಬಳು ಬೋನಿನ ಚೀಟಿಗಳನ್ನು ತೆಗೆದು ಬರೀ ನಂಬರ್ ಹಾಕಿಕೊಟ್ಟಳು. ಮತ್ತೆ ಅಳೆದೆ. ವ್ಯತ್ಯಾಸ ಮುಕ್ಕಾಲು ಪಾಲು ಮಾಯ. ನಾನು ಸುಳ್ಳು ಹೇಳಿರಲಿಲ್ಲ ಅಕ್ಕಾ. ಯಾವ ಸೀಲ್ ಚೆನ್ನಾಗಿಲ್ಲ, ಯಾವ ಕೋಶ ಬಿಡಬೇಕು ಎಂದು ತೀರ್ಮಾನಿಸುವಾಗ ನನ್ನ ಆಸೆಯೂ ಕೈಹಾಕಿತ್ತು, ನನಗೇ ತಿಳಿಯದೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಮೇಸ್ತ್ರಿ ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ ಎಂದೆನಲ್ಲ. ಆ ಕೆಲಸಕ್ಕೆ ಚಾಲನೆ ಕೊಡುವ ಎಂಗ್ಲೂಆರ್-5 ಎಂಬ ಗ್ರಾಹಿಯನ್ನೇ ತುಸು ತಗ್ಗಿಸಿದರೆ ಹೇಗೆ ಎಂದು ಅಮೆರಿಕದ ಮಾರ್ಕ್ ಬೇರ್ ಮತ್ತು ಜೊತೆಗಾರರು 2004ರಲ್ಲಿ ವಾದ ಮುಂದಿಟ್ಟರು. 2007ರಲ್ಲಿ ಆ ಗ್ರಾಹಿಯನ್ನು ಅರ್ಧಕ್ಕೆ ಇಳಿಸಿದ ಇಲಿಗಳಲ್ಲಿ ಹಲವು ತೊಂದರೆ ಕಡಿಮೆಯಾದದ್ದು ಕಂಡಿತು. ಫಿಟ್ಸ್ ಕೂಡ ಕಡಿಮೆಯಾಯಿತು. ನಮ್ಮ ಕ್ಷೇತ್ರದಲ್ಲಿ ಆಗ ಹಬ್ಬದ ಕಳೆ. ದೊಡ್ಡ ಕಂಪನಿಗಳು ಔಷಧಿ ಮಾಡಿದವು. ಮ್ಯಾವೊಗ್ಲುರಾಂಟ್ ಎಂಬುದನ್ನು ಹದಿಹರೆಯದವರಿಗೂ ದೊಡ್ಡವರಿಗೂ ಕೊಟ್ಟು ನೋಡಿದರು. ನೆಟ್ಟಗಾಗಲಿಲ್ಲ. 2014ರಲ್ಲಿ ನೋವಾರ್ಟಿಸ್ ಅದನ್ನು ಕೈಬಿಟ್ಟಿತು.

ಏಕೆ ಸೋತಿತು ಎಂದು ಈಗಲೂ ಚರ್ಚೆ ಇದೆ. ವಯಸ್ಸು ಮೀರಿತ್ತು, ಕಡವುಗಳೆಲ್ಲ ಕಟ್ಟಿ ಮುಗಿದಿದ್ದವು ಎಂದರು ಕೆಲವರು. ಆಮೇಲೆ ಸಣ್ಣ ಮಕ್ಕಳಲ್ಲಿ ಭಾಷೆ ಕಲಿಸುವುದರ ಜೊತೆಗೆ ಅದೇ ಔಷಧಿ ನೋಡಿದರು, ಆಗಲೂ ಲಾಭ ಕಾಣಲಿಲ್ಲ. ನನ್ನ ಮನಸ್ಸಿಗೆ ತಾಗಿದ್ದು ಇನ್ನೊಂದು ಅಂಶ. ಮಗು ಸುಧಾರಿಸಿದೆಯಾ ಎಂದು ಅಳೆದದ್ದು ಬಹುಪಾಲು ಮನೆಯವರನ್ನು ಕೇಳಿ. ಖಾಲಿ ಮಾತ್ರೆ ತಿಂದ ಮಕ್ಕಳ ಮನೆಯವರೂ 'ಸುಧಾರಿಸಿದ್ದಾನೆ' ಎಂದರು. ಯಾವ ತಾಯಿಗೆ ಹಾಗೆ ಕಾಣುವುದಿಲ್ಲ ಹೇಳಿ? ಚೀಟಿ ಕಂಡರೆ ನನ್ನ ಕಣ್ಣೇ ತಪ್ಪಿತು, ಅದೂ ಇಲಿಯ ವಿಷಯದಲ್ಲಿ.

ಹಾಗಾಗಿ ಮಗಳಿಗೆ ನಾನು ಹೇಳುವುದು ಇದು. ತಮ್ಮನ ಮೇಲಿನ ಪ್ರೀತಿ ಅವಳನ್ನು ಲ್ಯಾಬ್ ಬಾಗಿಲವರೆಗೆ ತರಲಿ. ಒಳಗೆ ಕೂತು ಅಳೆಯುವಾಗ ಅದನ್ನು ಚಪ್ಪಲಿಯ ಹಾಗೆ ಹೊರಗೆ ಬಿಡಬೇಕಾಗುತ್ತದೆ, ದಿನವೂ. ಅದು ಅವಳಿಗೆ ನನಗಿಂತ ಕಷ್ಟ. ಅವಳ ಅಳತೆಯಲ್ಲಿ 'ಏನೂ ವ್ಯತ್ಯಾಸ ಇಲ್ಲ' ಎಂದು ಬಂದರೆ ಹಾಗೇ ಬರೆಯಬೇಕು. ಸಂಜೆ ಮನೆಗೆ ಫೋನ್ ಮಾಡಿದಾಗ ತಮ್ಮ ಮಾತಾಡದೆ ಉಸಿರಷ್ಟೇ ಕೇಳಿಸುತ್ತಾನೆ. ಅವತ್ತೂ ಹಾಗೇ ಬರೆಯಬೇಕು. ತಮ್ಮನನ್ನು ಬಿಟ್ಟೂ ಸಿನಾಪ್ಸ್ ಅವಳಿಗೆ ಇಷ್ಟವಾಗುತ್ತದಾ ಎಂದು ಮೊದಲು ನೋಡಲಿ.

ಪೂರ್ತಿ ಕತ್ತಲೆ ಏನಲ್ಲ. ರೆಟ್ ಸಿಂಡ್ರೋಮ್ ಎಂದು ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುವ, ಮೆದುಳಿನ ಬೆಳವಣಿಗೆಯದ್ದೇ ಇನ್ನೊಂದು ತೊಂದರೆ ಉಂಟು. ಅದರ ಜೀನ್ 1999ರಲ್ಲಿ ಹುದಾ ಜೋಗ್ಬಿ ಅವರ ಲ್ಯಾಬ್‌ನಲ್ಲಿ ಸಿಕ್ಕಿತು. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ ದೊಡ್ಡ ಇಲಿಗಳಲ್ಲೂ ಜೀನನ್ನು ಮತ್ತೆ ಎಬ್ಬಿಸಿದರೆ ಕಾಯಿಲೆ ಹಿಂದೆ ಸರಿಯುತ್ತದೆ ಎಂದು ತೋರಿಸಿತು. ಬೆಳೆದ ಮೆದುಳು ಕೈಮೀರಿ ಹೋಗಿರುತ್ತದೆ ಎಂದು ನಂಬಿದ್ದವರಿಗೆಲ್ಲ ಅದು ಆಶ್ಚರ್ಯ. 2023ರಲ್ಲಿ ಅಮೆರಿಕದಲ್ಲಿ ರೆಟ್‌ಗೆ ಮೊದಲ ಔಷಧಿ ಟ್ರೋಫಿನೆಟೈಡ್‌ಗೆ ಒಪ್ಪಿಗೆ ಸಿಕ್ಕಿತು. ಗುಣ ಮಾಡುವುದಿಲ್ಲ, ಸ್ವಲ್ಪ ಹಗುರ ಮಾಡುತ್ತದೆ. ಜೀನ್ ಸಿಕ್ಕಿದ್ದಕ್ಕೂ ಔಷಧಿ ಬಂದದ್ದಕ್ಕೂ ನಡುವೆ 24 ವರ್ಷ, ಲೆಕ್ಕ ಹಾಕಿ.

ಹೊಟ್ಟೆಪಾಡಿನ ಮಾತು. ಸಿಎಸ್‌ಐಆರ್-ಯುಜಿಸಿ ನೆಟ್ ಜೆಆರ್‌ಎಫ್ ಪರೀಕ್ಷೆ ಪಾಸಾದರೆ ಪಿಎಚ್.ಡಿ. ಮಾಡುವಾಗ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಎರಡು ವರ್ಷದ ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಅದಕ್ಕೂ ತಯಾರಿರಬೇಕು. ಬಿ.ಎಸ್ಸಿ. ಮುಗಿಸಿ ನೇರವಾಗಿ ಇಂಟಿಗ್ರೇಟೆಡ್ ಪಿಎಚ್.ಡಿ. ಸೇರುವ ದಾರಿಯೂ ಇದೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಐಐಎಸ್‌ಸಿಗೆ ಜಾಮ್ ಪರೀಕ್ಷೆ ಬರೆಯಬೇಕು, ಎನ್‌ಸಿಬಿಎಸ್‌ಗೆ ಬೇರೆ ಪರೀಕ್ಷೆ. ಬೆಳೆಯುವ ಮೆದುಳಿನ ಸಿನಾಪ್ಸ್ ಮೇಲೆ ಇನ್‌ಸ್ಟೆಮ್ ಮತ್ತು ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲೂ ಕೆಲಸ ನಡೆಯುತ್ತದೆ. ದೂರ ಬೇಡ ಎಂದರೆ ಎಂ.ಎಸ್ಸಿ.ಯನ್ನು ಕೊಣಾಜೆಯಲ್ಲೋ ಮಣಿಪಾಲದಲ್ಲೋ ಮುಗಿಸಿ ಆಮೇಲೆ ಹೋಗಬಹುದು. ಯಾವ ಕಾಲೇಜು ಎಂಬುದಕ್ಕಿಂತ ಕೈ ಎಷ್ಟು ಪಳಗಿದೆ ಎಂಬುದನ್ನು ನಾನು ಜಾಸ್ತಿ ನೋಡುತ್ತೇನೆ.

ಪೋಸ್ಟ್‌ಡಾಕ್‌ನ ವರ್ಷಗಳು ಹೆಣ್ಣುಮಕ್ಕಳಿಗೆ ಬಿಗಿ. ಮದುವೆ, ಮಗು, ಪರದೇಶ ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ನಾನು ಐದು ವರ್ಷ ಸ್ಕಾಟ್ಲೆಂಡಿನಲ್ಲಿದ್ದೆ. ಮಗಳು ಹುಟ್ಟಿದ್ದು ಅಲ್ಲೇ. ಅಮ್ಮ ಆರು ತಿಂಗಳು ಬಂದು ಇದ್ದರು, ಆ ಚಳಿಯಲ್ಲಿ ಕುಚ್ಚಲಕ್ಕಿ ಗಂಜಿ ಮಾಡಿಕೊಂಡು. ಬೆಂಗಳೂರಿನಲ್ಲಿ ಕಾಯಂ ಕೆಲಸ ಸಿಕ್ಕಾಗ ನನಗೆ ಮೂವತ್ತೇಳು. ನನ್ನ ಜೊತೆ ಪಿಎಚ್.ಡಿ. ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಬ್ ಕಟ್ಟಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಕಂಪನಿಯಲ್ಲಿದ್ದಾರೆ, ಒಬ್ಬಳು ಜೆನೆಟಿಕ್ ಕೌನ್ಸಿಲರ್ ಆಗಿದ್ದಾಳೆ. ಅವಳಿಂದ ನನಗಿಂತ ಹೆಚ್ಚು ಮನೆಗಳಿಗೆ ಉಪಯೋಗ ಆಗಿದೆ ಎಂದು ನನಗೆ ಖಂಡಿತ ಅನ್ನಿಸುತ್ತದೆ. ಅಪ್ಪನ ಬಿ.ಎಡ್. ಮಾತನ್ನೂ ತಳ್ಳಿಹಾಕಬೇಡಿ. ವಿಶೇಷ ಮಕ್ಕಳಿಗೆ ಪಾಠ ಮಾಡುವ ಬಿ.ಎಡ್. ಕೂಡ ಉಂಟು, ಸ್ಪೀಚ್ ಥೆರಪಿಯ ಓದು ಮಂಗಳೂರಿನಲ್ಲೇ ಇದೆ. ಅವಳಿಗೆ ಬೇಕಾದದ್ದು ತಮ್ಮನಂಥ ಮಕ್ಕಳಾದರೆ ಅದು ಹತ್ತಿರದ ದಾರಿ. ಆ ಪರದೆಯ ಮೇಲಿನ ಗೀಟು ಬೇಕಾದರೆ ನಮ್ಮ ಕಡೆ ಬರಲಿ.

ಮಗನಿಗೆ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮಾಡಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದು. ಬೌದ್ಧಿಕ ಅಂಗವೈಕಲ್ಯ ಎಂದು ಪ್ರಮಾಣಪತ್ರ ಸಿಕ್ಕಿದರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಖರ್ಚು ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. ಸ್ಟೆಮ್ ಸೆಲ್ ಚುಚ್ಚಿ ಸರಿ ಮಾಡುತ್ತೇವೆ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಇಂಥದೇ ಲಕ್ಷಣಗಳಿರುವ ಆಟಿಸಂಗೆ ಆ ಚಿಕಿತ್ಸೆ ಕೊಡಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಮಗಳಿಗೆ ಈಗಲೇ ಎಂಥದೂ ತೀರ್ಮಾನ ಬೇಡ. ವಿಜ್ಞಾನ ಅಕಾಡೆಮಿಗಳು ಪ್ರತಿ ವರ್ಷ ಬೇಸಿಗೆ ರಜೆಗೆ ವಿದ್ಯಾರ್ಥಿಗಳನ್ನು ಎರಡು ತಿಂಗಳು ಲ್ಯಾಬ್‌ಗಳಿಗೆ ಕಳಿಸುತ್ತವೆ, ಸ್ಟೈಪೆಂಡ್ ಕೊಟ್ಟು. ಅದಕ್ಕೆ ಅರ್ಜಿ ಹಾಕಲಿ. ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ನಮ್ಮ ಕೆಲಸದಲ್ಲಿ ಇಲಿಯನ್ನು ಕೊಲ್ಲಬೇಕಾಗುತ್ತದೆ. ನೋವಾಗದ ಹಾಗೆ, ಸಮಿತಿಯ ಒಪ್ಪಿಗೆ ಪಡೆದು, ಲೆಕ್ಕ ಇಟ್ಟು ಮಾಡುತ್ತೇವೆ, ಆದರೂ ಕೊಲ್ಲುವುದೇ. ಮೊದಲ ಸಲ ನಾನು ಎರಡು ದಿನ ಊಟ ಮಾಡಿರಲಿಲ್ಲ. ಅವಳ ಕೈಯಲ್ಲಿ ಆಗುತ್ತದಾ ಎಂದು ಕೇಳಿ ನೋಡಿ. ಆಗದಿದ್ದರೆ ಕಂಪ್ಯೂಟರಿನಲ್ಲಿ ಸಿನಾಪ್ಸ್ ಲೆಕ್ಕ ಮಾಡುವ ಲ್ಯಾಬ್‌ಗಳೂ ಇವೆ. ಅದಕ್ಕೆ ಗಣಿತ ಚೆನ್ನಾಗಿರಬೇಕು. ಅವಳ ಗಣಿತ ಹೇಗಿದೆ ಎಂದು ನೀವು ಬರೆದಿಲ್ಲ.